ಕರುವಿನ ಹೊಕ್ಕುಳ ಹರ್ನಿಯಾ: ಕಟ್ಟು ಹಾಕೋದಾ, ಪಟ್ಟಿ ಬಿಗಿಯೋದಾ, ಆಪರೇಷನ್ ಮಾಡಿಸೋದಾ?

ಈ ವಾರ ಕೊಟ್ಟಿಗೆಯ ವಿಷಯ. ಕರು ಹುಟ್ಟಿ ಎರಡು ಮೂರು ವಾರ ಆಗಿರುತ್ತೆ. ಹೊಕ್ಕುಳ ಹತ್ತಿರ ನಿಂಬೆಹಣ್ಣಿನಷ್ಟು ಒಂದು ಉಬ್ಬು ಕಾಣುತ್ತೆ. ಕರು ಚೆನ್ನಾಗಿ ಹಾಲು ಕುಡೀತಿದೆ, ಕುಣೀತಿದೆ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಎರಡು ತಿಂಗಳಲ್ಲಿ ಅದು ಮೂಸಂಬಿ ಗಾತ್ರ ಆಗುತ್ತೆ. ಆಮೇಲೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ: "ತಾನಾಗೇ ಹೋಗುತ್ತೆ ಬಿಡು", "ಮರದ ಪಟ್ಟಿ ಕಟ್ಟಿಸು", "ಕೀವು ಇರಬೇಕು, ಬ್ಲೇಡ್ ಹಾಕಿ ತೆಗಿ".

ನಾಲ್ಕು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಆಯಿತು. ಎಚ್.ಎಫ್. ಮಿಶ್ರತಳಿಯ ಹೆಣ್ಣುಗರು, ಮೂರು ತಿಂಗಳಾಗಿತ್ತು. ಆಪರೇಷನ್ ಅಂದರೆ ಖರ್ಚು ಅಂತ ಹೆದರಿ, ಪಕ್ಕದೂರಿನ ಒಬ್ಬರ ಕೈಲಿ ಪಟ್ಟಿ ಬಿಗಿಸಿದೆವು. ಒಂಬತ್ತನೇ ದಿನ ಬೆಳಗ್ಗೆ ಅಮ್ಮ ಹಾಲು ಕರೆಯೋಕೆ ಹೋದಾಗ ಪಟ್ಟಿ ಚರ್ಮದ ಸಮೇತ ಕಳಚಿ ಬಿದ್ದಿತ್ತು, ಕರುಳು ಹೊರಗೆ ಬಂದು ಹುಲ್ಲಿನ ಮೇಲೆ ಎಳೆದಾಡುತ್ತಿತ್ತು. ಡಾಕ್ಟರು ಬರುವಷ್ಟರಲ್ಲಿ ಕರು ಉಳಿಯಲಿಲ್ಲ. ಐನೂರು ರೂಪಾಯಿಯಲ್ಲಿ ಮುಗಿಸೋಣ ಅಂದುಕೊಂಡಿದ್ದೆವು. ಕೊನೆಗೆ ಆ ಐನೂರೂ ಹೋಯಿತು, ಕರುವೂ ಹೋಯಿತು.

ಅದಕ್ಕೇ ಈ ಲೇಖನ. ಒಂದೊಂದು ವಿಧಾನಕ್ಕೂ ಖರ್ಚು ಎಷ್ಟು, ತೊಡಕು ಏನು, ಯಾವ ಕರುವಿಗೆ ಯಾವುದು ಸರಿ ಅಂತ ಒಂದೊಂದಾಗಿ ನೋಡೋಣ.

ಹರ್ನಿಯಾ ಅಂದರೆ ಏನು?

ಕರು ತಾಯಿ ಹೊಟ್ಟೆಯಲ್ಲಿದ್ದಾಗ ಹೊಕ್ಕುಳ ಬಳ್ಳಿ ಹೋಗೋಕೆ ಹೊಟ್ಟೆಯ ಗೋಡೆಯಲ್ಲಿ ಒಂದು ತೂತು ಇರುತ್ತೆ. ಹುಟ್ಟಿದ ಮೇಲೆ ಕೆಲವು ದಿನಗಳಲ್ಲಿ ಅದು ಮುಚ್ಚಿಕೊಳ್ಳಬೇಕು. ಮುಚ್ಚದೇ ಉಳಿದರೆ ಹೊಟ್ಟೆಯ ಒಳಗಿನ ಕೊಬ್ಬಿನ ಪದರ, ಕರುಳು, ಕೆಲವೊಮ್ಮೆ ಹೊಟ್ಟೆಯ ನಾಲ್ಕನೇ ಚೀಲದ ಭಾಗ ಆ ತೂತಿನಿಂದ ಚರ್ಮದ ಕೆಳಗೆ ಇಳಿಯುತ್ತೆ. ಹೊರಗೆ ಕಾಣೋದು ಚೀಲ ಮಾತ್ರ. ನಿಜವಾದ ಸಮಸ್ಯೆ ತೂತಿನದು. ಆ ತೂತಿನ ಗಟ್ಟಿ ಅಂಚಿಗೆ ಡಾಕ್ಟರುಗಳು "ರಿಂಗ್" ಅಂತಾರೆ.

ಕಾರಣ ಮುಖ್ಯವಾಗಿ ಎರಡು. ಒಂದು, ವಂಶದಿಂದ ಬರುವುದು, ಎಚ್.ಎಫ್. ತಳಿಯಲ್ಲಿ ಇದು ಹೆಚ್ಚು. ಎರಡು, ಹುಟ್ಟಿದಾಗ ಹೊಕ್ಕುಳಿಗೆ ಸೋಂಕು ತಗುಲಿ ತೂತು ಮುಚ್ಚದೇ ಹೋಗುವುದು. ಎರಡನೆಯದನ್ನು ತಡೆಯೋದು ನಮ್ಮ ಕೈಯಲ್ಲೇ ಇದೆ. ಅದನ್ನು ಕೊನೆಯಲ್ಲಿ ಹೇಳ್ತೀನಿ.

ಮೊದಲು ಮುಟ್ಟಿ ನೋಡಿ

ಉಬ್ಬಿರುವುದೆಲ್ಲ ಹರ್ನಿಯಾ ಅಲ್ಲ. ಕರುವನ್ನು ಪಕ್ಕಕ್ಕೆ ಮಲಗಿಸಿ, ಕೈ ತೊಳೆದುಕೊಂಡು, ಮೆತ್ತಗೆ ಒತ್ತಿ ನೋಡಿ.

• ಮೆತ್ತಗಿದೆ, ಒತ್ತಿದರೆ ಒಳಗೆ ಹೋಗುತ್ತೆ, ಬೆರಳಿಗೆ ತೂತಿನ ಅಂಚು ಸಿಗುತ್ತೆ, ಕರುವಿಗೆ ನೋವಿಲ್ಲ: ಬಹುತೇಕ ಸರಳ ಹರ್ನಿಯಾ.
• ಗಟ್ಟಿ ಇದೆ, ಬಿಸಿ ಇದೆ, ಮುಟ್ಟಿದರೆ ಒದೆಯುತ್ತೆ, ಒಳಗೆ ಹೋಗಲ್ಲ: ಕೀವುಗಡ್ಡೆ ಇರಬಹುದು.
• ಒಂದು ಭಾಗ ಒಳಗೆ ಹೋಗುತ್ತೆ, ಇನ್ನೊಂದು ಭಾಗ ಗಟ್ಟಿ: ಎರಡೂ ಒಟ್ಟಿಗೆ ಇರಬಹುದು.

ಯಾವುದೇ ಆಗಲಿ, ಬ್ಲೇಡ್ ಹಾಕಬೇಡಿ. ಕೀವು ಅಂತ ಕೊಯ್ದ ಜಾಗದಲ್ಲಿ ಕರುಳು ಇದ್ದರೆ ಅಲ್ಲಿಗೆ ಮುಗೀತು. ಅನುಮಾನ ಇದ್ದರೆ ಪಶು ವೈದ್ಯರು ಸ್ಕ್ಯಾನ್ ಮಾಡಿಯೋ ಸೂಜಿ ಹಾಕಿಯೋ ನೋಡಿ ಹೇಳ್ತಾರೆ.

ತೂತಿನ ಅಗಲವನ್ನು ಬೆರಳಲ್ಲೇ ಅಳೆಯಿರಿ. ಎಷ್ಟು ಬೆರಳು ಒಟ್ಟಿಗೆ ಹಿಡಿಸುತ್ತೆ ಅಂತ ನೋಡಿ, ದಿನಾಂಕ ಹಾಕಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಪಕ್ಕದಿಂದ ಒಂದು ಫೋಟೊ ತೆಗೆಯಿರಿ. ಪ್ರತಿ ವಾರ ಹೀಗೇ ಮಾಡಿ. ಡಾಕ್ಟರಿಗೆ ಈ ಮಾಹಿತಿ ಬಹಳ ಉಪಯೋಗ ಆಗುತ್ತೆ. ಚೀಲ ದೊಡ್ಡದಾದರೂ ತೂತು ಚಿಕ್ಕದಿರಬಹುದು, ಚೀಲ ಚಿಕ್ಕದಾದರೂ ತೂತು ದೊಡ್ಡದಿರಬಹುದು. ಯಾವ ವಿಧಾನ ಅಂತ ತೀರ್ಮಾನ ಮಾಡೋದು ತೂತಿನ ಅಳತೆ.

ವಿಧಾನ 1: ಒತ್ತಿ ಕಾಯುವುದು, ಅಗಲ ಕಟ್ಟು

ಒಂದೆರಡು ಬೆರಳಿನ ತೂತು, ಪೂರ್ತಿ ಒಳಗೆ ಹೋಗುವ ಹರ್ನಿಯಾ, ಮೂರು ತಿಂಗಳ ಒಳಗಿನ ಕರು: ಇಂಥವು ಎಷ್ಟೋ ಸಲ ಬೆಳೀತಾ ಬೆಳೀತಾ ತಾನಾಗೇ ಮುಚ್ಚಿಕೊಳ್ಳುತ್ತವೆ. ದಿನಕ್ಕೆ ಎರಡು ಮೂರು ಸಲ ಒಳಕ್ಕೆ ಒತ್ತಬೇಕು. ಡಾಕ್ಟರು ಹೇಳಿದರೆ ಒಳಕ್ಕೆ ತಳ್ಳಿ, ಹೊಟ್ಟೆಯ ಸುತ್ತ ಅಗಲವಾದ ಹಿಗ್ಗುವ ಬ್ಯಾಂಡೇಜ್ ಸುತ್ತಬಹುದು. ಮೂರು ನಾಲ್ಕು ವಾರ ಬೇಕಾಗುತ್ತೆ.

ಖರ್ಚು: ಬ್ಯಾಂಡೇಜಿನ ಬೆಲೆ, ನಿಮ್ಮ ಸಮಯ. ಅಷ್ಟೇ.

ತೊಡಕು: ಬಿಗಿ ಹೆಚ್ಚಾದರೆ ಚರ್ಮ ಉಜ್ಜಿ ಹುಣ್ಣಾಗುತ್ತೆ, ಉಸಿರಾಟಕ್ಕೆ ಕಷ್ಟ ಆಗುತ್ತೆ. ಸಡಿಲ ಆದರೆ ಜಾರಿ ಹೋಗುತ್ತೆ. ಹೋರಿಗರುವಿಗೆ ಮೂತ್ರದ ಜಾಗ ಮುಚ್ಚಿದರೆ ಕಟ್ಟು ಒದ್ದೆಯಾಗಿ ಸೋಂಕು ಬರುತ್ತೆ. ಇದಕ್ಕಿಂತ ದೊಡ್ಡ ತೊಡಕು ಸೋಮಾರಿತನದ್ದು: "ಇನ್ನೊಂದು ತಿಂಗಳು ನೋಡೋಣ" ಅಂತ ಆರು ತಿಂಗಳು ದೂಡುವುದು. ನಾಲ್ಕು ತಿಂಗಳಾದರೂ ಮುಚ್ಚಿಲ್ಲ, ಅಥವಾ ವಾರದಿಂದ ವಾರಕ್ಕೆ ತೂತು ಹಿಗ್ಗುತ್ತಿದೆ ಅಂದರೆ ಕಾಯುವುದನ್ನು ಅಲ್ಲಿಗೇ ನಿಲ್ಲಿಸಿ.

ವಿಧಾನ 2: ಪಟ್ಟಿ ಅಥವಾ ರಬ್ಬರ್ ರಿಂಗ್

ಒಳಗಿರುವುದನ್ನು ಹೊಟ್ಟೆಗೆ ತಳ್ಳಿ, ಖಾಲಿ ಚೀಲದ ಚರ್ಮವನ್ನು ಎತ್ತಿ ಹಿಡಿದು, ಬುಡದಲ್ಲಿ ಮರದ ಅಥವಾ ಲೋಹದ ಪಟ್ಟಿ ಬಿಗಿಯುತ್ತಾರೆ. ರಕ್ತ ಹೋಗದೆ ಚರ್ಮ ಒಂದೆರಡು ವಾರದಲ್ಲಿ ಒಣಗಿ ಉದುರುತ್ತೆ. ಅಷ್ಟರಲ್ಲಿ ತೂತು ಕೂಡಿಕೊಳ್ಳಲಿ ಅನ್ನೋದು ಲೆಕ್ಕಾಚಾರ.

ಖರ್ಚು: ಎಲ್ಲದಕ್ಕಿಂತ ಕಡಿಮೆ. ಅದಕ್ಕೇ ಇನ್ನೂ ನಡೀತಿದೆ.

ತೊಡಕು: ಇಲ್ಲಿ ಎಲ್ಲಾ ಕೆಲಸವೂ ಕಣ್ಣು ಮುಚ್ಚಿ ಮಾಡಿದ ಹಾಗೆ. ಚೀಲದ ಒಳಗೆ ಕರುಳಿನ ಒಂದು ಮಡಿಕೆ ಅಂಟಿಕೊಂಡಿದ್ದರೆ ಅದೂ ಪಟ್ಟಿಗೆ ಸಿಕ್ಕಿ ಕೊಳೆಯುತ್ತೆ. ತೂತು ಕೂಡುವ ಮೊದಲೇ ಚರ್ಮ ಉದುರಿದರೆ ಕರುಳು ಹೊರಗೆ. ನಮ್ಮ ಕರುವಿಗೆ ಆದದ್ದು ಇದೇ. ಸತ್ತ ಚರ್ಮದಲ್ಲಿ ಕೀವು, ಹುಳ, ಧನುರ್ವಾಯು ಬರುವ ಅಪಾಯವೂ ಇದೆ. ಪಟ್ಟಿ ವಿಫಲವಾದ ಮೇಲೆ ಆಪರೇಷನ್ ಮಾಡೋದು ಇನ್ನೂ ಕಷ್ಟ, ಯಾಕಂದರೆ ಹೊಲಿಯೋಕೆ ಒಳ್ಳೆ ಚರ್ಮವೇ ಉಳಿದಿರಲ್ಲ. ಮಾಡಿಸಲೇಬೇಕು ಅಂದರೆ ಚಿಕ್ಕ ತೂತಿಗೆ ಮಾತ್ರ, ಅದೂ ಪಶು ವೈದ್ಯರೇ ಪರೀಕ್ಷೆ ಮಾಡಿ ಹಾಕಬೇಕು.

ವಿಧಾನ 3: ತೆರೆದು ಹೊಲಿಯುವ ಆಪರೇಷನ್

ಮೂರು ಬೆರಳಿಗಿಂತ ಹೆಚ್ಚಿನ ತೂತಿಗೆ, ಒಳಗೆ ಹೋಗದ ಹರ್ನಿಯಾಕ್ಕೆ, ನಾಲ್ಕು ತಿಂಗಳಾದರೂ ಮುಚ್ಚದ್ದಕ್ಕೆ ಸಾಮಾನ್ಯವಾಗಿ ಇದೇ ದಾರಿ. ಕರುವಿಗೆ ಮತ್ತಿನ ಇಂಜೆಕ್ಷನ್ ಕೊಟ್ಟು, ಜಾಗ ಮರಗಟ್ಟಿಸಿ, ಅಂಗಾತ ಮಲಗಿಸಿ, ಚರ್ಮ ಕೊಯ್ದು, ಒಳಗಿರುವುದನ್ನು ಕಣ್ಣಿಂದ ನೋಡಿ ಹೊಟ್ಟೆಗೆ ಸೇರಿಸಿ, ತೂತಿನ ಅಂಚನ್ನು ಹೊಲಿಯುತ್ತಾರೆ. ಅಂಟಿಕೊಂಡಿದ್ದರೆ ಬಿಡಿಸಬಹುದು, ಕೀವಿನ ಚೀಲ ಇದ್ದರೆ ತೆಗೆಯಬಹುದು. ಪಟ್ಟಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಹೊಲಿಗೆಯಲ್ಲೂ ಬಗೆಗಳಿವೆ. ಅಂಚಿಗೆ ಅಂಚು ಕೂಡಿಸುವುದು ಒಂದು. ಅಂಗಿಯ ಗುಂಡಿಪಟ್ಟಿ ಒಂದರ ಮೇಲೊಂದು ಬರುತ್ತಲ್ಲ, ಹಾಗೆ ಒಂದು ಅಂಚಿನ ಮೇಲೆ ಇನ್ನೊಂದನ್ನು ಹತ್ತಿಸುವುದು ಇನ್ನೊಂದು. ಹತ್ತಿಸಿದಾಗ ಎಳೆತ ಹೆಚ್ಚು, ಹಾಗಾಗಿ ದೊಡ್ಡ ತೂತಿಗೆ ಅದು ಒಗ್ಗಲ್ಲ. ದಾರದ ಬಗ್ಗೆಯೂ ಕೇಳಿ. ಕ್ಯಾಟ್‌ಗಟ್ ದಾರ ಅಗ್ಗ, ಆದರೆ ಎರಡು ಮೂರು ವಾರದಲ್ಲೇ ಶಕ್ತಿ ಕಳೆದುಕೊಳ್ಳುತ್ತೆ. ಹೊಟ್ಟೆಯ ಗೋಡೆ ಗಟ್ಟಿಯಾಗಿ ಕೂಡಲು ಅದಕ್ಕಿಂತ ಹೆಚ್ಚು ದಿನ ಬೇಕು. ನಿಧಾನವಾಗಿ ಕರಗುವ ದಾರಕ್ಕೆ ಕೆಲವು ನೂರು ಹೆಚ್ಚಾದರೂ ಕೊಡಿ. ದಾರದಲ್ಲಿ ಉಳಿತಾಯ ಮಾಡಬೇಡಿ.

ಖರ್ಚು: ಔಷಧಿ, ದಾರ, ಸಾಗಾಟ, ಖಾಸಗಿಯಾದರೆ ಡಾಕ್ಟರ ಶುಲ್ಕ, ಮೂರ್ನಾಲ್ಕು ವಾರದ ಆರೈಕೆ.

ತೊಡಕು: ಗಾಯದ ಕೆಳಗೆ ನೀರು ತುಂಬುವುದು, ಸೋಂಕು, ಹೊಲಿಗೆ ಬಿಚ್ಚುವುದು, ಮತ್ತೆ ಹರ್ನಿಯಾ ಬರುವುದು. ಮತ್ತಿನಲ್ಲಿ ಅಂಗಾತ ಮಲಗಿದಾಗ ಹೊಟ್ಟೆ ಉಬ್ಬರಿಸುವುದು, ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದು ಉಸಿರ ನಾಳಕ್ಕೆ ಹೋಗುವುದು ಕೂಡ ಅಪಾಯ. ಅದಕ್ಕೇ ಮೆಲುಕು ಹಾಕಲು ಶುರುಮಾಡಿದ ಕರುವಿಗೆ ಸಾಮಾನ್ಯವಾಗಿ 12ರಿಂದ 24 ಗಂಟೆ ಮೇವು ನಿಲ್ಲಿಸಲು ಹೇಳ್ತಾರೆ. ಬರೀ ಹಾಲು ಕುಡಿಯುವ ಕರುವಿಗೆ ಅವಧಿ ಕಡಿಮೆ. ಎಷ್ಟು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. "ಪಾಪ ಹಸಿದಿದೆ" ಅಂತ ಕದ್ದು ಹುಲ್ಲು ಹಾಕಬೇಡಿ.

ಇನ್ನೊಂದು ಮಾತು. ಮತ್ತಿಗೆ ಬಳಸುವ ಕ್ಸೈಲಜಿನ್ ಔಷಧಿ ದನಗಳಿಗೆ ಬಹಳ ಬೇಗ ಹತ್ತುತ್ತೆ. ಕುದುರೆಗೆ ಕೊಡುವ ಪ್ರಮಾಣದ ಹತ್ತನೇ ಒಂದು ಭಾಗವೇ ದನಕ್ಕೆ ಸಾಕು. ಓದದವರ ಕೈಗೆ ಈ ಇಂಜೆಕ್ಷನ್ ಕೊಟ್ಟರೆ ಕರು ಏಳದೇ ಇರಬಹುದು.

ವಿಧಾನ 4: ಜಾಲರಿ ಇಟ್ಟು ಹೊಲಿಯುವುದು

ತೂತು ಅಂಗೈ ಅಗಲ ಇದ್ದರೆ ಅಂಚುಗಳನ್ನು ಎಳೆದು ಹೊಲಿದರೂ ದಾರ ಮಾಂಸವನ್ನು ಸೀಳಿಕೊಂಡು ಬರುತ್ತೆ. ಹರಿದ ಚೀಲಕ್ಕೆ ತೇಪೆ ಹಾಕುವ ಹಾಗೆ ಅಲ್ಲಿ ಪಾಲಿಪ್ರೊಪಿಲೀನ್ ಜಾಲರಿ ಇಟ್ಟು ಸುತ್ತ ಹೊಲಿಯುತ್ತಾರೆ. ಒಮ್ಮೆ ಹೊಲಿದು ಮತ್ತೆ ಬಂದ ಹರ್ನಿಯಾಕ್ಕೂ ಇದೇ ಒಳ್ಳೆಯದು.

ಖರ್ಚು: ವಿಧಾನ 3ರ ಖರ್ಚಿನ ಮೇಲೆ ಜಾಲರಿಯ ಬೆಲೆ. ಜಾಲರಿ ದೊಡ್ಡದಾದಷ್ಟೂ ಬೆಲೆ ಹೆಚ್ಚು.

ತೊಡಕು: ಎಳೆತ ಇಲ್ಲದಿರುವುದರಿಂದ ದೊಡ್ಡ ತೂತಿನಲ್ಲಿ ಮತ್ತೆ ಬರುವ ಸಾಧ್ಯತೆ ಕಡಿಮೆ. ಆದರೆ ಜಾಲರಿಗೆ ಸೋಂಕು ಹತ್ತಿದರೆ ಔಷಧಿಗೆ ಸುಲಭವಾಗಿ ಬಗ್ಗಲ್ಲ, ಕೆಲವೊಮ್ಮೆ ಜಾಲರಿಯನ್ನೇ ತೆಗೆಯಬೇಕಾಗುತ್ತೆ. ಹೊಕ್ಕುಳಲ್ಲಿ ಕೀವು ಇರುವಾಗ ಜಾಲರಿ ಬೇಡ. ಮೊದಲು ಸೋಂಕು ವಾಸಿ ಮಾಡಿ, ಆಮೇಲೆ ಜಾಲರಿ.

"ಅಗ್ಗದ ಜಾಲರಿ ನಡೆಯಲ್ವಾ?" ಅಂತ ಕೇಳಬಹುದು. ಒಳ್ಳೆ ಪ್ರಶ್ನೆ. ಮನುಷ್ಯರ ಹರ್ನಿಯಾಕ್ಕೆ ಸೊಳ್ಳೆಪರದೆಯ ಬಟ್ಟೆ ಬಳಸುವ ಪ್ರಯೋಗ ಶುರು ಮಾಡಿದವರು ನಮ್ಮ ಪಕ್ಕದ ಮಹಾರಾಷ್ಟ್ರದ ದೊಂಡಾಯಿಚಾದ ಡಾ. ರವೀಂದ್ರನಾಥ ಟೋಂಗಾವ್‌ಕರ್. ಆಮೇಲೆ ಉಗಾಂಡಾ ದೇಶದಲ್ಲಿ ಸುಮಾರು ಮುನ್ನೂರು ಗಂಡಸರ ಮೇಲೆ ಅಗ್ಗದ ಜಾಲರಿ ಮತ್ತು ಕಂಪನಿ ಜಾಲರಿ ಎರಡನ್ನೂ ಹೋಲಿಸಿ ನೋಡಿದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ವರ್ಷದ ನಂತರ ಎರಡರ ಫಲಿತಾಂಶವೂ ಹೆಚ್ಚು ಕಡಿಮೆ ಒಂದೇ. ಇದರಿಂದ ಕಲಿಯಬೇಕಾದ್ದು: ಬೆಲೆ ಹೆಚ್ಚಿದ್ದ ಮಾತ್ರಕ್ಕೆ ಜಾಲರಿ ಒಳ್ಳೆಯದು ಅಂತ ಅಲ್ಲ. ಆದರೆ ಅವರು ಬಳಸಿದ್ದು ಆಪರೇಷನ್ನಿಗೆ ತಕ್ಕ ಹಾಗೆ ಕ್ರಿಮಿಶುದ್ಧ ಮಾಡಿದ ಬಟ್ಟೆ. ಮನೆಯ ಸೊಳ್ಳೆಪರದೆ ಕತ್ತರಿಸಿ ಕುದಿಸಿದರೆ ಅದು ಆ ಜಾಲರಿ ಆಗಲ್ಲ.

ಮನುಷ್ಯರಿಗೆ ಮಾಡುವ ಹಾಗೆ ದುರ್ಬೀನು ಹಾಕಿ ಮಾಡುವ ಆಪರೇಷನ್ನೂ ಇದೆ. ಗಾಯ ಚಿಕ್ಕದು, ಆದರೆ ಉಪಕರಣದ ಖರ್ಚು ಬಹಳ. ಕರುಗಳ ಮಟ್ಟಿಗೆ ನಮಗೆ ಸದ್ಯಕ್ಕೆ ಅದು ದೂರದ ಮಾತು.

ಖರ್ಚಿನ ಲೆಕ್ಕ ಹೀಗೆ ಹಾಕಿ

ಮೊದಲ ದಿನದ ಬಿಲ್ಲನ್ನು ಮಾತ್ರ ನೋಡಿದರೆ ಪಟ್ಟಿಯೇ ಗೆಲ್ಲುತ್ತೆ. ಪೂರ್ತಿ ಲೆಕ್ಕಕ್ಕೆ ಮೂರು ಸಾಲು ಬರೆಯಿರಿ: ಮೊದಲ ಖರ್ಚು, ವಿಫಲವಾದರೆ ಮತ್ತೆ ಮಾಡಿಸುವ ಖರ್ಚು, ಕರು ಸತ್ತರೆ ಅದರ ಬೆಲೆ. ಕೆಳಗಿನ ಅಂಕಿಗಳು ಲೆಕ್ಕ ಕಲಿಯೋಕೆ ನಾನೇ ಊಹಿಸಿ ಇಟ್ಟವು. ನಿಮ್ಮ ಊರಿನ ಅಂಕಿ ಹಾಕಿಕೊಂಡು ನೋಡಿ.

ಹತ್ತು ಕರು ಅಂದುಕೊಳ್ಳಿ, ಒಂದೊಂದರ ಬೆಲೆ 12,000 ರೂ. ಪಟ್ಟಿಗೆ 500 ರೂ., ಸರ್ಕಾರಿ ಆಸ್ಪತ್ರೆಯ ಆಪರೇಷನ್ನಿಗೆ ಔಷಧಿ, ಸಾಗಾಟ ಸೇರಿ 2,000 ರೂ.

ಪಟ್ಟಿ: ಹತ್ತಕ್ಕೆ 5,000. ನಾಲ್ಕು ವಿಫಲವಾಗಿ ಆಪರೇಷನ್ ಮಾಡಿಸಿದರೆ 8,000. ಒಂದು ಸತ್ತರೆ 12,000. ಒಟ್ಟು 25,000, ಅಂದರೆ ಕರುವಿಗೆ 2,500 ರೂ.

ಆಪರೇಷನ್: ಹತ್ತಕ್ಕೆ 20,000. ಒಂದು ಮತ್ತೆ ಬಂದು ಇನ್ನೊಮ್ಮೆ ಮಾಡಿಸಿದರೆ 2,000. ಒಟ್ಟು 22,000, ಕರುವಿಗೆ 2,200 ರೂ.

ನಾಲ್ಕು ಪಟ್ಟು ದುಬಾರಿ ಅಂತ ಕಂಡದ್ದು ಕೊನೆಗೆ ಅಗ್ಗವಾಯಿತು. ಆದರೆ ನಿಲ್ಲಿ, ಲೆಕ್ಕ ಇಲ್ಲಿಗೇ ಮುಗಿಯಲ್ಲ. ಆಪರೇಷನ್ನಲ್ಲೂ ಒಂದು ಕರು ಸತ್ತರೆ ಒಟ್ಟು 34,000 ಆಗುತ್ತೆ, ಲೆಕ್ಕ ತಲೆಕೆಳಗು. ಹಾಗಾದರೆ ಏನರ್ಥ? ಲೆಕ್ಕವನ್ನು ತಿರುಗಿಸೋದು ಸಾವು. ವಿಧಾನದ ಹೆಸರಿಗಿಂತ ಅದನ್ನು ಯಾರು ಮಾಡ್ತಾರೆ, ಎಲ್ಲಿ ಮಾಡ್ತಾರೆ, ಎಷ್ಟು ಶುಚಿಯಾಗಿ ಮಾಡ್ತಾರೆ, ಆಮೇಲೆ ನೀವು ಹೇಗೆ ನೋಡಿಕೊಳ್ತೀರಿ ಅನ್ನೋದು ದೊಡ್ಡದು. ಆದ್ದರಿಂದ ಡಾಕ್ಟರನ್ನು ಈ ನಾಲ್ಕು ಪ್ರಶ್ನೆ ಕೇಳಿ:

• ಸರ್, ಇಂಥ ಕರುಗಳಿಗೆ ನೀವು ಮೊದಲು ಮಾಡಿದ್ದೀರಾ? ಎಷ್ಟು ಮತ್ತೆ ಬಂದವು?
• ಯಾವ ದಾರ ಹಾಕ್ತೀರಿ? ಜಾಲರಿ ಬೇಕಾ?
• ಔಷಧಿ ಎಲ್ಲಾ ಸೇರಿ ಎಷ್ಟಾಗುತ್ತೆ?
• ಆಮೇಲೆ ಏನಾದರೂ ಆದರೆ ಯಾರಿಗೆ ಫೋನ್ ಮಾಡಲಿ?

ಗೌರವದಿಂದ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಆಗದ ದೊಡ್ಡ ಹರ್ನಿಯಾ ಇದ್ದರೆ ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ, ಗದಗದಲ್ಲಿರುವ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದು.

ಆಪರೇಷನ್ ಆದ ಮೇಲೆ ನಿಮ್ಮ ಕೆಲಸ

ಡಾಕ್ಟರ ಕೆಲಸ ಒಂದು ಗಂಟೆ, ನಿಮ್ಮ ಕೆಲಸ ಒಂದು ತಿಂಗಳು.

• ಮೂರು ನಾಲ್ಕು ವಾರ ಕರುವನ್ನು ಬೇರೆ ಒಣ ಜಾಗದಲ್ಲಿ ಇಡಿ. ಓಡಾಟ, ಜಿಗಿದಾಟ ಬೇಡ. ಬೇರೆ ಕರುಗಳು ಹೊಲಿಗೆ ನೆಕ್ಕಬಾರದು.
• ಒಂದೇ ಸಲ ಹೊಟ್ಟೆ ತುಂಬ ಮೇವು ಬೇಡ, ಸ್ವಲ್ಪ ಸ್ವಲ್ಪವಾಗಿ ಕೊಡಿ. ಹೊಟ್ಟೆ ಬಿರಿದರೆ ಹೊಲಿಗೆಗೆ ಎಳೆತ.
• ಆಂಟಿಬಯೋಟಿಕ್ ಎಷ್ಟು ದಿನ ಹೇಳಿದ್ದಾರೋ ಅಷ್ಟೂ ದಿನ ಕೊಡಿಸಿ. "ಚೆನ್ನಾಗಿದೆ" ಅಂತ ನಡುವೆ ನಿಲ್ಲಿಸಬೇಡಿ.
• ನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್ ತಂದು ಕೊಡಬೇಡಿ. ರಣಹದ್ದುಗಳ ಸಾವಿಗೆ ಕಾರಣ ಅಂತ 2006ರಿಂದ ದನಗಳಿಗೆ ಅದು ನಿಷೇಧ. ಮೆಲಾಕ್ಸಿಕ್ಯಾಮ್‌ನಂಥ ಬೇರೆ ಔಷಧಿ ಇದೆ, ಡಾಕ್ಟರು ಬರೆದುಕೊಡ್ತಾರೆ.
• ನೊಣ ಕೂರದ ಹಾಗೆ ನೋಡಿಕೊಳ್ಳಿ. ಹೊಲಿಗೆ ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ.

ಊತ ಬಂದರೆ ಗಾಬರಿ ಬೀಳುವ ಮೊದಲು ಮುಟ್ಟಿ ನೋಡಿ. ಮೊದಲ ವಾರದಲ್ಲಿ ಮೆತ್ತಗಿನ, ತಣ್ಣಗಿನ ಊತ ಇದ್ದು ಕರು ಚೆನ್ನಾಗಿ ತಿನ್ನುತ್ತಿದ್ದರೆ ಅದು ಬರೀ ನೀರು ಇರಬಹುದು, ಸಾಮಾನ್ಯವಾಗಿ ಇಳಿಯುತ್ತೆ. ಬಿಸಿ, ಕೆಂಪು, ಕೀವು, ಜ್ವರ ಇದ್ದರೆ ಸೋಂಕು. ಕರುವಿನ ಸಹಜ ತಾಪ 38.5ರಿಂದ 39.5 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಹೆಚ್ಚಾದರೆ ಡಾಕ್ಟರಿಗೆ ಹೇಳಿ. ಒತ್ತಿದರೆ ಒಳಗೆ ಹೋಗಿ ಮತ್ತೆ ತೂತಿನ ಅಂಚು ಸಿಕ್ಕರೆ ಹರ್ನಿಯಾ ಮರಳಿದೆ ಅಂತ ಅರ್ಥ. ಮೂರನ್ನೂ ಫೋಟೊ ಸಮೇತ ತಿಳಿಸಿ.

ಇದು ತುರ್ತು, ಒಂದು ಗಂಟೆಯೂ ಕಾಯಬೇಡಿ

ಆಪರೇಷನ್ ಆಗಿರಲಿ, ಆಗದೇ ಇರಲಿ, ಮೆತ್ತಗಿದ್ದ ಉಬ್ಬು ಇದ್ದಕ್ಕಿದ್ದ ಹಾಗೆ ಗಟ್ಟಿಯಾದರೆ, ನೋವಿದ್ದರೆ, ಕರು ಹಾಲು ಬಿಟ್ಟರೆ, ಹೊಟ್ಟೆಗೆ ಒದ್ದುಕೊಂಡರೆ, ಸಗಣಿ ನಿಂತರೆ ಕರುಳು ತೂತಿನಲ್ಲಿ ಸಿಕ್ಕಿಕೊಂಡಿರಬಹುದು. ರಕ್ತ ಹೋಗದೆ ಕರುಳು ಕೊಳೆಯಲು ಹೆಚ್ಚು ಹೊತ್ತು ಬೇಡ. ತಕ್ಷಣ ನಿಮ್ಮ ಪಶು ವೈದ್ಯರಿಗೆ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಕರುಳು ಹೊರಗೆ ಬಂದಿದ್ದರೆ ಒಳಕ್ಕೆ ತುರುಕಬೇಡಿ. ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಹೊಟ್ಟೆಗೆ ಆನಿಸಿ ಹಿಡಿದು, ಕರು ಏಳದ ಹಾಗೆ ನೋಡಿಕೊಳ್ಳಿ.

ಬರದ ಹಾಗೆ ತಡೆಯೋದು ಎಲ್ಲಕ್ಕಿಂತ ಅಗ್ಗ

ಕರು ಹಾಕುವ ಜಾಗ ಒಣಗಿರಲಿ. ಹುಟ್ಟಿದ ತಕ್ಷಣ ಹೊಕ್ಕುಳ ಬಳ್ಳಿಯನ್ನು 7% ಅಯೋಡಿನ್ ಟಿಂಕ್ಚರಿನಲ್ಲಿ ಅದ್ದಿ. ಮೊದಲ ಎರಡು ಮೂರು ದಿನ ಮತ್ತೆ ಮತ್ತೆ ಅದ್ದಿ. ಸಗಣಿ, ಬೂದಿ, ಅರಿಶಿನದ ಲೇಪ ಬೇಡ. ಗಿಣ್ಣು ಹಾಲನ್ನು ಹುಟ್ಟಿದ ಒಂದೆರಡು ಗಂಟೆಯೊಳಗೆ ಕುಡಿಸಲು ಶುರು ಮಾಡಿ. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು, ಅಂದರೆ 30 ಕೆ.ಜಿ. ಕರುವಿಗೆ ಮೂರು ಲೀಟರ್ ಹೋಗಬೇಕು. ಸೋಂಕಿನ ವಿರುದ್ಧ ಹೋರಾಡುವ ಶಕ್ತಿ ಬರೋದು ಅದರಿಂದಲೇ.

ಹರ್ನಿಯಾ ಇದ್ದ ಹೋರಿಗರುವನ್ನು, ಆಪರೇಷನ್ ಆಗಿ ಚೆನ್ನಾಗಿದ್ದರೂ, ಬೀಜದ ಹೋರಿಯಾಗಿ ಇಟ್ಟುಕೊಳ್ಳಬೇಡಿ. ಒಂದೇ ಹೋರಿಯ ಬೀಜದಿಂದ ಹುಟ್ಟಿದ ಎರಡು ಮೂರು ಕರುಗಳಿಗೆ ಹೀಗಾದರೆ ಕೃತಕ ಗರ್ಭಧಾರಣೆ ಮಾಡುವವರಿಗೆ ಹೇಳಿ, ಬೀಜ ಬದಲಿಸಿ. ಅದಕ್ಕೇ ಬೀಜದ ಕಡ್ಡಿಯ ಮೇಲಿನ ನಂಬರನ್ನು ಫೋಟೊ ತೆಗೆದು ಇಟ್ಟುಕೊಳ್ಳುವ ಅಭ್ಯಾಸ ಮಾಡಿ.

ನಮ್ಮ ಅದೇ ಹಸು ಮುಂದಿನ ವರ್ಷ ಮತ್ತೆ ಹೆಣ್ಣುಗರು ಹಾಕಿತು. ಅದಕ್ಕೂ ಹರ್ನಿಯಾ, ಮೂರು ಬೆರಳಿನ ತೂತು. ಈ ಸಲ ಪಟ್ಟಿಯ ಮಾತೇ ಎತ್ತಲಿಲ್ಲ. ನಾಲ್ಕನೇ ತಿಂಗಳಲ್ಲಿ ಆಪರೇಷನ್ ಮಾಡಿಸಿದೆವು. ಐದನೇ ದಿನ ಊತ ಬಂದಾಗ ಅಮ್ಮ ರಾತ್ರಿಯೆಲ್ಲ ಕೊಟ್ಟಿಗೆಯಲ್ಲೇ ಕೂತಿದ್ದಳು. ಅದು ಬರೀ ನೀರು, ವಾರದಲ್ಲಿ ಇಳಿಯಿತು. ಆ ಕಡಸು ಈಗ ಏಳು ತಿಂಗಳ ಗಬ್ಬ. ಬೇರೆ ಹೋರಿಯ ಬೀಜ ಹಾಕಿಸಿದ್ದೀವಿ. ಅಯೋಡಿನ್ ಬಾಟಲಿ ಈಗಲೇ ತಂದು ಕೊಟ್ಟಿಗೆಯ ಗೂಡಿನಲ್ಲಿ ಇಟ್ಟಿದ್ದೀವಿ.

ನೀವೂ ಇವತ್ತು ಸಂಜೆ ಹಾಲು ಕರೆಯೋಕೆ ಹೋದಾಗ ಕರುಗಳ ಹೊಕ್ಕುಳನ್ನು ಒಮ್ಮೆ ಮುಟ್ಟಿ ನೋಡಿ. ಎರಡು ನಿಮಿಷದ ಕೆಲಸ ಅಷ್ಟೇ.